ಎರಡು ಕೋಟಿ ರೈಡರ್ ಬುಲ್ಸ್‌ಗೆ ಬೇಕಾ?

2025ರ ಪ್ರೊ ಕಬಡ್ಡಿ ಹರಾಜಿಗೆ ಆಗ ಇನ್ನು ವಾರವೂ ಇರಲಿಲ್ಲ. ಮೇ 31, ಜೂನ್ 1, ಮುಂಬೈ. ಒಂದೊಂದು ತಂಡದ ಕೈಲಿ ಇದ್ದದ್ದು 5 ಕೋಟಿ. ಹನ್ನೊಂದನೇ ಸೀಸನ್ನಿನಲ್ಲಿ 22 ಪಂದ್ಯ ಆಡಿ ಬರೀ 2 ಗೆದ್ದು, 12 ತಂಡಗಳ ಪಟ್ಟಿಯಲ್ಲಿ 12ನೆಯದಾಗಿ ಕೂತ ಬೆಂಗಳೂರು ಬುಲ್ಸ್ ಕೈಲೂ ಅಷ್ಟೇ, ಕಪ್ ಎತ್ತಿದ ಹರಿಯಾಣ ಸ್ಟೀಲರ್ಸ್ ಕೈಲೂ ಅಷ್ಟೇ. ಆಗ ಬುಲ್ಸ್ ಅಭಿಮಾನಿ ಯಾರನ್ನ ಕೇಳಿದರೂ ಒಂದೇ ಮಾತು: ‘ದೊಡ್ಡ ರೈಡರ್ ಒಬ್ಬನ್ನ ತಗೊಳ್ರಪ್ಪ, ಎಷ್ಟಾದರೂ ಆಗಲಿ.’

ಎಷ್ಟಾದರೂ ಆಗಲಿ ಅನ್ನೋದು ನಮ್ಮ ದುಡ್ಡಲ್ಲವಲ್ಲ, ಸುಲಭವಾಗಿ ಬಾಯಿಗೆ ಬರುತ್ತೆ.

ಆದರೆ ಆ ಮಾತನ್ನ ನಕ್ಕು ತಳ್ಳಿಹಾಕೋ ಹಾಗಿಲ್ಲ. ಆ ಸಲ ಹರಾಜಿಗೆ ಬಂದಿದ್ದ ಹೆಸರುಗಳನ್ನ ನೋಡಿ. ದೇವಾಂಕ್ ದಲಾಲ್ ಇದ್ದ. ಹನ್ನೊಂದನೇ ಸೀಸನ್ನಿನಲ್ಲಿ ಪಟ್ನಾ ಪೈರೇಟ್ಸ್ ಪರ 301 ರೈಡ್ ಪಾಯಿಂಟ್ ತಂದು ಇಡೀ ಲೀಗಿಗೆ ಮೊದಲಿಗನಾದವನು. ಎತ್ತರದ ಆಳು, ಕೈ ಚಾಚಿದರೆ ಕಾರ್ನರ್‌ನವನ ಭುಜಕ್ಕೆ ಸಿಗುತ್ತೆ. ಅರ್ಜುನ್ ದೇಶ್ವಾಲ್ ಇದ್ದ, ನವೀನ್ ಕುಮಾರ್ ಇದ್ದ. ಇವರೆಲ್ಲರ ಜೊತೆ, ಬೆಂಗಳೂರಿನವರ ಎದೆ ಝಲ್ ಅನ್ನಿಸೋ ಹೆಸರು ಪವನ್ ಸೆಹ್ರಾವತ್ ಕೂಡ ಇದ್ದ. ‘ಪವನ್‌ನ ವಾಪಸ್ ಕರ್ಕೊಂಡ್ ಬನ್ನಿ’ ಅನ್ನೋ ಕೂಗು ಮಾರತ್ತಹಳ್ಳಿ ಪಿಜಿಗಳಿಂದ ಪಾವಗಡದ ಬಸ್ ಸ್ಟ್ಯಾಂಡ್ ತನಕ ಒಂದೇ ಸಮ ಇತ್ತು. ಪಾವಗಡದಲ್ಲಿ ಅರ್ಧ ಜನ ತೆಲುಗು ಟೈಟನ್ಸ್ ಕಡೆ ಅನ್ನೋದು ಬೇರೆ ಮಾತು, ಅವರ ಮನೆ ಮಾತೇ ತೆಲುಗು, ಬೇಜಾರು ಮಾಡ್ಕೊಳ್ಳೋಕಾಗಲ್ಲ.

ದೊಡ್ಡ ರೈಡರ್ ಬೇಕು ಅನ್ನೋರ ಹತ್ರ ಒಂದು ಗಟ್ಟಿ ಸಾಕ್ಷಿ ಇದೆ. ಅದನ್ನ ಮೊದಲೇ ಹೇಳಿಬಿಡೋದು ನ್ಯಾಯ. 2019ರ ಜನವರಿ 5, ಆರನೇ ಸೀಸನ್ನಿನ ಫೈನಲ್, ಎದುರಿಗೆ ಗುಜರಾತ್. ವಿರಾಮದ ನಂತರ ಪವನ್ ಒಬ್ಬನೇ ಆ ಪಂದ್ಯವನ್ನ ಎಳೆದು ತಂದ. 22 ಪಾಯಿಂಟ್. ಬುಲ್ಸ್ 38, ಗುಜರಾತ್ 33. ಬುಲ್ಸ್ ಇವತ್ತಿನವರೆಗೆ ಗೆದ್ದಿರೋ ಒಂದೇ ಒಂದು ಕಪ್ ಅದು. ಅವತ್ತು ಆ ಮನುಷ್ಯ ಇಲ್ಲದಿದ್ದರೆ ಆ ಕಪ್ ಇಲ್ಲ. ಅದಕ್ಕೂ ಮುಂಚೆ ಪಟ್ನಾ ಸತತ ಮೂರು ಸಲ ಕಪ್ ಹೊಡೆದದ್ದು ಪರ್ದೀಪ್ ನರ್ವಾಲ್ ಬಲದ ಮೇಲೆ, ಐದನೇ ಸೀಸನ್ನಿನಲ್ಲಿ 369 ರೈಡ್ ಪಾಯಿಂಟ್, ಒಂದೇ ದಾಳಿಯಲ್ಲಿ ಎಂಟು ಪಾಯಿಂಟ್ ತಂದ ‘ಡುಬ್ಕಿ ಕಿಂಗ್’. ಹಾಗಾಗಿ ‘ಒಬ್ಬನಿಂದ ಏನಾಗುತ್ತೆ’ ಅಂತ ಯಾರಾದರೂ ಕೇಳಿದರೆ ಆಗುತ್ತೆ ಅಂತಲೇ ಉತ್ತರ.

ನನ್ನ ತಕರಾರು ಬೇರೆ. ಆ ಇಬ್ಬರೂ ದೊಡ್ಡವರಾಗಿದ್ದಾಗ ಕೊಂಡವರಲ್ಲ.

ಪವನ್ ಆರನೇ ಸೀಸನ್ನಿಗೆ ಬುಲ್ಸ್‌ಗೆ ಬಂದಾಗ ಬೆಲೆ 52.8 ಲಕ್ಷ. ಅದರ ಹಿಂದಿನ ವರ್ಷ ಗುಜರಾತಿನಲ್ಲಿ ಬೆಂಚಿನ ಮೇಲೆ ಕೂತಿದ್ದವನು. ಆಗ ತಂಡದ ದೊಡ್ಡ ಹೆಸರು, ಕ್ಯಾಪ್ಟನ್, ಎಲ್ಲ ರೋಹಿತ್ ಕುಮಾರ್. ಪವನ್ ಎರಡನೇ ಹೆಸರಾಗಿ ಬಂದು ಆ ವರ್ಷ 271 ರೈಡ್ ಪಾಯಿಂಟ್ ತಂದು ಮೊದಲನೆಯವನಾದ. ಪರ್ದೀಪ್ ಕಥೆ ಇನ್ನೂ ಚೆನ್ನಾಗಿದೆ, ಅಥವಾ ಹೊಟ್ಟೆ ಉರಿಸೋ ಹಾಗಿದೆ. ಅವನು ಲೀಗಿಗೆ ಕಾಲಿಟ್ಟಿದ್ದೇ ಬೆಂಗಳೂರು ಬುಲ್ಸ್‌ನಲ್ಲಿ, 2015ರಲ್ಲಿ. ಹದಿನೆಂಟರ ಹುಡುಗನನ್ನ ಒಂದೇ ಸೀಸನ್ನಿಗೆ ಬಿಟ್ಟುಕೊಟ್ಟರು. ಅವನು ಪಟ್ನಾಗೆ ಹೋಗಿ ಮೂರು ಕಪ್ ಗೆದ್ದ. ಆಮೇಲೆ ಮಂಡಿ, ಸೊಂಟ, ವಯಸ್ಸು ಎಲ್ಲ ಮಾತಾಡೋಕೆ ಶುರು ಮಾಡಿದ ಮೇಲೆ, 2024ರ ಹರಾಜಿನಲ್ಲಿ, ಅದೇ ಬುಲ್ಸ್ 70 ಲಕ್ಷ ಕೊಟ್ಟು ವಾಪಸ್ ಕರ್ಕೊಂಡು ಬಂತು. ಆ ವರ್ಷವೇ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ನಮ್ಮ ಕಡೆ ದನದ ಜಾತ್ರೇಲಿ ಹೀಗೆ ವ್ಯಾಪಾರ ಮಾಡಿದವನನ್ನ ಊರಿನೋರು ಒಂದು ವರ್ಷ ಆಡ್ಕೋತಾರೆ: ಕರು ಮಾರಿ, ಹಲ್ಲು ಉದುರಿದ ಮೇಲೆ ಅದೇ ಎತ್ತನ್ನ ಹಿಡ್ಕೊಂಡು ಬಂದ ಅಂತ.

ಈಗ ಹರಾಜಿನ ದಾಖಲೆಗೇ ಬರೋಣ. ಅತಿ ಹೆಚ್ಚು ದುಡ್ಡು ಕೊಟ್ಟು ರೈಡರ್ ಕೊಂಡವರ ಗತಿ ಏನಾಯ್ತು?

ಒಂಬತ್ತನೇ ಸೀಸನ್, 2022. ತಮಿಳ್ ತಲೈವಾಸ್ ಪವನ್‌ಗೆ 2.26 ಕೋಟಿ ಕೊಟ್ಟರು. ಮೊದಲ ಪಂದ್ಯದಲ್ಲೇ ಮಂಡಿ ಹೋಯ್ತು, ಇಡೀ ಸೀಸನ್ ಹೊರಗೆ. ತಲೈವಾಸ್ ಮುಳುಗಬೇಕಿತ್ತು, ಮುಳುಗಲಿಲ್ಲ. ನರೇಂದರ್ ಅನ್ನೋ ಹೊಸ ಹುಡುಗ, ಅದು ಅವನ ಮೊದಲ ಸೀಸನ್ನು, 200ಕ್ಕೂ ಹೆಚ್ಚು ರೈಡ್ ಪಾಯಿಂಟ್ ತಂದ. ತಂಡ ಸೆಮಿಫೈನಲ್ಲಿಗೆ ಹೋಯ್ತು, ಅವರ ಚರಿತ್ರೆಯಲ್ಲೇ ಮೊದಲ ಸಲ. ಪವನ್ ಆಡಿದ್ದರೆ ಆ ಹುಡುಗನಿಗೆ ಅಷ್ಟು ರೈಡ್ ಸಿಗ್ತಿತ್ತಾ? ಅನುಮಾನ.

ಹತ್ತನೇ ಸೀಸನ್. ತೆಲುಗು ಟೈಟನ್ಸ್ ಅದೇ ಪವನ್‌ಗೆ 2.605 ಕೋಟಿ ಕೊಟ್ಟರು, ಲೀಗಿನ ಚರಿತ್ರೆಯಲ್ಲೇ ಅಷ್ಟು ಯಾರಿಗೂ ಕೊಟ್ಟಿರಲಿಲ್ಲ. ಈ ಸಲ ಅವನು ಆಡಿದ, ಚೆನ್ನಾಗೇ ಆಡಿದ. ಟೈಟನ್ಸ್ 22ರಲ್ಲಿ 2 ಗೆದ್ದು ಕೊನೆಯ ಸ್ಥಾನಕ್ಕೆ ಹೋಯ್ತು. ಹನ್ನೊಂದನೇ ಸೀಸನ್ನಿನ ಅತಿ ದುಬಾರಿ ಆಟಗಾರ ಸಚಿನ್ ತನ್ವರ್, 2.15 ಕೋಟಿ, ಮತ್ತೆ ತಲೈವಾಸ್. ಒಂಬತ್ತನೇ ಸ್ಥಾನ.

ಬುಲ್ಸ್ ಮನೇಲೇ ಒಂದು ಉದಾಹರಣೆ ಇದೆ. 2022ರಲ್ಲಿ ಪವನ್ ಕೈಬಿಟ್ಟ ಮೇಲೆ ಆ ಜಾಗ ತುಂಬೋಕೆ ಅಂತ ವಿಕಾಸ್ ಕಂಡೋಲಾಗೆ 1.70 ಕೋಟಿ ಸುರಿದರು. ಆ ವರ್ಷ ನಿಜವಾಗಿ ತಂಡ ಹೊತ್ತವನು ಭರತ್ ಹೂಡಾ, ಹಿಂದಿನ ವರ್ಷವಷ್ಟೇ ಬಂದಿದ್ದ ಹುಡುಗ. 279 ರೈಡ್ ಪಾಯಿಂಟ್, ಲೀಗಿನಲ್ಲೇ ಎರಡನೆಯವನು. ಸೆಮಿಫೈನಲ್ ತನಕ ಹೋದರು. ಅಲ್ಲಿ ಜೈಪುರ 49–29ರಲ್ಲಿ ಹೊಡೆದು ಹಾಕಿತು. ಯಾಕೆ ಗೊತ್ತಾ? ರೈಡರ್ ಇಲ್ಲದೆ ಅಲ್ಲ. ಹಿಡಿಯೋರಿಲ್ಲದೆ.

ಇನ್ನೊಂದು ಕಡೆ ಗೆದ್ದವರನ್ನ ನೋಡಿ. ಹತ್ತನೇ ಸೀಸನ್ ಗೆದ್ದ ಪುಣೇರಿ ಪಲ್ಟನ್ ದೊಡ್ಡ ದುಡ್ಡು ಹಾಕಿದ್ದು ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಯಿ ಮೇಲೆ, 2.35 ಕೋಟಿ. ಹನ್ನೊಂದನೇ ಸೀಸನ್ ಗೆದ್ದ ಹರಿಯಾಣ ದೊಡ್ಡ ದುಡ್ಡು ಹಾಕಿದ್ದೂ ಅವನ ಮೇಲೇ, 2.07 ಕೋಟಿ. ಪಟ್ಟಿಯಲ್ಲಿ ಆಲ್‌ರೌಂಡರ್ ಅಂತಿದ್ದರೂ ಅವನ ಹೊಟ್ಟೆಪಾಡು ಎಡ ಕಾರ್ನರ್‌ನಲ್ಲಿ ಕಾಲು ಹಿಡಿಯೋದು. ಎರಡು ವರ್ಷ ಎರಡು ತಂಡ, ಮನುಷ್ಯ ಒಬ್ಬನೇ, ಕಪ್ ಎರಡು. ಹರಿಯಾಣ ಫೈನಲ್ಲಿನಲ್ಲಿ ಸೋಲಿಸಿದ್ದು ಯಾರನ್ನ? ದೇವಾಂಕ್ ಇದ್ದ ಪಟ್ನಾನ, 32–23. ಸೀಸನ್ ಪೂರ್ತಿ 301 ತಂದ ರೈಡರ್ ಇದ್ದ ತಂಡ ಫೈನಲ್ಲಿನಲ್ಲಿ ಒಟ್ಟು ತಂದದ್ದು 23 ಪಾಯಿಂಟ್.

ಇದು ಬರೀ ದುರದೃಷ್ಟದ ಪಟ್ಟಿ ಅಂತ ನೀವನ್ನಬಹುದು. ನನಗೆ ಹಾಗನ್ನಿಸಲ್ಲ, ಕಾರಣ ಆಟದ ಒಳಗೇ ಇದೆ. ಸ್ವಲ್ಪ ಲೆಕ್ಕ ಹಾಕಿ. 40 ನಿಮಿಷದ ಆಟ, ಒಂದು ರೈಡಿಗೆ 30 ಸೆಕೆಂಡು. ಎರಡೂ ಕಡೆ ಸೇರಿ ಸುಮಾರು 80 ರೈಡು, ನಮ್ಮ ಪಾಲಿಗೆ 40. ದೊಡ್ಡ ರೈಡರ್ ಅದರಲ್ಲಿ 20 ಹೋದ ಅಂತಿಟ್ಟುಕೊಳ್ಳಿ. ಉಳಿದ 20ಕ್ಕೆ ಬೇರೆಯವರು ಬೇಕು. ಎದುರಾಳಿಯ 40 ರೈಡಿಗೆ ಹಿಡಿಯೋರು ಬೇಕು. ಅಂದರೆ 80ರಲ್ಲಿ 60 ಸಲ ಆಟ ನಡೆಯೋದು ನಿಮ್ಮ ಎರಡು ಕೋಟಿಯವನ ಕೈ ಮೀರಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಕ್ರಿಕೆಟ್ಟಿನಲ್ಲಿ ಔಟಾದ ಬ್ಯಾಟ್ಸ್‌ಮನ್ ಹೋದ, ಮುಗೀತು. ಫುಟ್‌ಬಾಲಿನಲ್ಲಿ ಸ್ಟ್ರೈಕರ್ ತಪ್ಪಿಸಿದರೂ ಮೈದಾನದಲ್ಲೇ ಇರ್ತಾನೆ. ಕಬಡ್ಡಿಯಲ್ಲಿ ಹಿಡಿಸಿಕೊಂಡ ರೈಡರ್ ಹೊರಗೆ ಕೂರಬೇಕು, ಅವನ ತಂಡದ ಇನ್ಯಾರೋ ಪಾಯಿಂಟ್ ತಂದರೆ ಮಾತ್ರ ಮತ್ತೆ ಒಳಗೆ ಬರ್ತಾನೆ. ನಮ್ಮೂರಲ್ಲಿ ಇದಕ್ಕೆ ಜೀವ ಕೊಡೋದು ಅಂತಾರೆ. ಎರಡು ಕೋಟಿಯವನಿಗೆ ಜೀವ ಕೊಡಬೇಕಾದವನು ಒಂಬತ್ತು ಲಕ್ಷದ ಡಿಫೆಂಡರ್ರೋ, ಮೂರನೇ ರೈಡರ್ರೋ ಆಗಿರ್ತಾನೆ. ಅವರು ಸೊರಗಿದ್ದರೆ ನಿಮ್ಮ ಸ್ಟಾರ್ ಬೆಂಚಿನ ಮೇಲೆ ಟವೆಲ್ ಹೊದ್ದು ನೋಡ್ತಾ ಕೂತಿರ್ತಾನೆ, ನೀವು ಟಿವಿ ಮುಂದೆ ಅವನನ್ನ ನೋಡ್ತಾ ಕೂತಿರ್ತೀರಿ. ಎದುರಾಳಿಗೂ ಇದು ಗೊತ್ತು. ಅವರು ಮಾಡೋ ಪ್ಲಾನೇ ಇಷ್ಟು: ಅವನನ್ನ ಒಂದು ಸಲ ಕೆಡವಿ, ಆಮೇಲೆ ಉಳಿದೋರ ಕೈಲಿ ಪಾಯಿಂಟ್ ಬರದ ಹಾಗೆ ಐದು ನಿಮಿಷ ಓಡಿಸಿ. ಆಲೌಟ್ ಆಗೋ ತನಕ.

ನಾವು ಸಾಫ್ಟ್‌ವೇರಿನೋರು ಇದಕ್ಕೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ. ಒಂದೇ ಸರ್ವರ್ ಮೇಲೆ ಎಲ್ಲ ಭಾರ ಹಾಕಿದರೆ ಆ ಸರ್ವರ್ ಎಷ್ಟು ದೊಡ್ಡದು ಅನ್ನೋದು ಪ್ರಶ್ನೆ ಅಲ್ಲ, ಅದು ಬಿದ್ದ ಹೊತ್ತಲ್ಲಿ ಏನು ಅನ್ನೋದು ಪ್ರಶ್ನೆ. ಕಬಡ್ಡಿಯಲ್ಲಂತೂ ಅದು ಪ್ರತಿ ಪಂದ್ಯದಲ್ಲೂ ನಾಲ್ಕೈದು ಸಲ ಬೀಳೋದು ಗ್ಯಾರಂಟಿ.

ಈ ವಾದ ನಾನು ಬೆಂಗಳೂರಿನಲ್ಲಿ ಕಲಿತದ್ದಲ್ಲ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಬೆಳೆದ ಯಾರಿಗೂ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಅನ್ನೋ ಪೋಸ್ಟರ್ ಗೊತ್ತಿರುತ್ತೆ. ಶೇಂಗಾ ಕಿತ್ತು ಹೊಲ ಖಾಲಿಯಾದ ಮೇಲೆ, ಊರ ಜಾತ್ರೆಗೋ ರಾಜ್ಯೋತ್ಸವಕ್ಕೋ, ಮಣ್ಣು ಹದ ಮಾಡಿ, ಸುಣ್ಣದ ಗೆರೆ ಎಳೆದು, ನಾಲ್ಕು ಕಂಬಕ್ಕೆ ಹ್ಯಾಲೋಜನ್ ಕಟ್ಟಿದರೆ ಮುಗೀತು. ಮೊದಲ ಬಹುಮಾನದ ದುಡ್ಡು ಯಾರೋ ಮುಖಂಡರದ್ದು, ಕಪ್ ಇನ್ಯಾರದ್ದೋ, ಮೈಕ್ ಹಿಡಿದವನಿಗೆ ಇಡೀ ರಾತ್ರಿ ಅವರ ಹೆಸರು ಹೇಳೋದೇ ಕೆಲಸ. ಅಲ್ಲೂ ಈ ಹರಾಜಿನ ಚರ್ಚೆ ನಡೆಯುತ್ತೆ, ಗೆಸ್ಟ್ ಪ್ಲೇಯರ್ ಅನ್ನೋ ಹೆಸರಲ್ಲಿ. ಊರಿನ ತಂಡಕ್ಕೆ ಹೊರಗಿಂದ ಒಬ್ಬರೋ ಇಬ್ಬರೋ ಆಡಬಹುದು ಅಂತ ಕಮಿಟಿ ಒಪ್ಪಿದರೆ, ಚಂದಾ ಎತ್ತಿ ಹಿಂದೂಪುರದ ಕಡೆಯಿಂದಲೋ ತುಮಕೂರಿಂದಲೋ ರೈಡರ್ ಒಬ್ಬನನ್ನ ಕರೆಸ್ತಾರೆ. ಊಟ, ಬೈಕಿಗೆ ಪೆಟ್ರೋಲು, ರಾತ್ರಿಗಿಷ್ಟು ಅಂತ ದುಡ್ಡು.

ನಾನು ಬಿ.ಇ. ಎರಡನೇ ವರ್ಷದಲ್ಲಿದ್ದಾಗ ನಮ್ಮೂರಿನೋರು ಹಾಗೇ ಒಬ್ಬನನ್ನ ಕರೆಸಿದರು. ನಾನು ಸ್ಕೋರ್ ಬರೆಯೋಕೆ ಕೂತಿದ್ದೆ, ಆಟಕ್ಕೆ ಲಾಯಕ್ಕಿಲ್ಲದೋರಿಗೆ ಕೊಡೋ ಗೌರವದ ಕೆಲಸ. ಬಂದವನು ನಿಜಕ್ಕೂ ಆಟಗಾರನೇ. ಮೊದಲ ಎರಡು ಪಂದ್ಯ ಅವನೊಬ್ಬನೇ ಗೆಲ್ಲಿಸಿದ, ಜನ ನೋಟು ತಂದು ಅವನ ಬನಿಯನ್ನಿಗೆ ಪಿನ್ ಹಾಕಿದರು. ಮೂರನೇ ಪಂದ್ಯ ಶಿರಾ ಕಡೆಯ ಒಂದು ತಂಡದ ಜೊತೆ. ಅವರಲ್ಲಿ ಹೇಳಿಕೊಳ್ಳೋಂಥ ರೈಡರ್ ಯಾರೂ ಇರಲಿಲ್ಲ, ಆದರೆ ಎರಡೂ ಮೂಲೇಲಿ ಅಣ್ಣತಮ್ಮ ಇಬ್ಬರು ನಿಂತಿದ್ದರು, ಕಲ್ಲು ಒಡೆಯೋ ಕೆಲಸದೋರು. ನಮ್ಮ ಗೆಸ್ಟ್ ಮೂರನೇ ರೈಡಿಗೇ ಸಿಕ್ಕಿಬಿದ್ದ. ಆಮೇಲೆ ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡ್ತಾ ನಿಂತರು. ಎರಡು ಪಂದ್ಯದಲ್ಲಿ ಅವರ್ಯಾರೂ ಸರಿಯಾಗಿ ರೈಡೇ ಹೋಗಿರಲಿಲ್ಲ! ಬೆವರೇ ಬಂದಿರಲಿಲ್ಲ. ಹೊರಗೆ ಕೂತ ಗೆಸ್ಟ್ ‘ಹೋಗ್ರೋ, ಜೀವ ಕೊಡ್ರೋ’ ಅಂತ ಕೂಗೋನು. ಹನ್ನೊಂದು ಪಾಯಿಂಟಿಂದ ಸೋತೆವು, ಬರೆದ ಹಾಳೆ ನನ್ನ ಕೈಲೇ ಇತ್ತು.

ನನ್ನ ಮನಸ್ಸಲ್ಲಿ ಉಳಿದಿರೋದು ಸೋಲಲ್ಲ. ನಮ್ಮ ಬೀದಿಯ ಹುಡುಗನೊಬ್ಬ, ನನಗಿಂತ ಮೂರು ವರ್ಷ ಚಿಕ್ಕವನು, ಊರಿನ ಮೊದಲ ರೈಡರ್ ಅವನೇ ಆಗಿದ್ದ. ಗೆಸ್ಟ್ ಬಂದ ಅಂತ ಅವನನ್ನ ಏಳರಿಂದ ತೆಗೆದರು. ‘ಈ ಸಲ ಕೂತ್ಕೊ ಮಗಾ, ಮುಂದಿನ ಸಲ ಆಡಿವಂತೆ’ ಅಂದರು. ಮುಂದಿನ ಸಲವೂ ಗೆಸ್ಟ್ ಬಂದ. ಅದರ ಮುಂದಿನ ವರ್ಷ ಹುಡುಗ ಬೆಂಗಳೂರಿಗೆ ಬಂದುಬಿಟ್ಟ, ಪೀಣ್ಯದಲ್ಲಿ ಲೇತ್ ಮೆಷಿನ್ನು. ಅವನು ದೊಡ್ಡ ಆಟಗಾರ ಆಗ್ತಿದ್ದ ಅಂತ ನಾನು ಹೇಳ್ತಿಲ್ಲ, ಬಹುಶಃ ಆಗ್ತಿರಲಿಲ್ಲ. ಆದರೆ ಆಗ್ತಾನೋ ಇಲ್ಲವೋ ಅಂತ ನೋಡೋಕೆ ಬೇಕಾಗಿದ್ದ ಮೂವತ್ತು ರೈಡುಗಳನ್ನ ಯಾರೂ ಅವನಿಗೆ ಕೊಡಲಿಲ್ಲ.

ಇದಕ್ಕೆ ವಿರುದ್ಧದ್ದೂ ನೋಡಿದೀನಿ. ಪಕ್ಕದ ಊರಿಗೆ ಪಾವಗಡ ಕಡೆಯ ಒಬ್ಬ ವಯಸ್ಸಾದ ಗೆಸ್ಟ್ ಬರ್ತಿದ್ದ, ಮೂವತ್ತೈದು ದಾಟಿತ್ತು. ಅವನು ಪಂದ್ಯಕ್ಕೆ ಹದಿನೈದು ದಿನ ಮುಂಚೆ ಬಂದು ಊರಲ್ಲೇ ಉಳಿದು, ಸಂಜೆ ಹೊತ್ತು ಹುಡುಗರಿಗೆ ಬೋನಸ್ ಗೆರೆ ಹೇಗೆ ದಾಟೋದು, ಕಾಲು ಚಾಚಿ ಹೇಗೆ ಮುಟ್ಟೋದು ಅಂತ ತೋರಿಸೋನು. ಪಂದ್ಯದಲ್ಲಿ ಅವನು ಹೋಗ್ತಿದ್ದದ್ದೇ ಆರೋ ಏಳೋ ರೈಡು, ಡೂ ಆರ್ ಡೈ ಬಂದಾಗ ಮಾತ್ರ. ಹೊರಗಿನವನನ್ನ ತರೋದೇ ತಪ್ಪಲ್ಲ ಹಾಗಾದರೆ. ಅವನು ಬಂದ ಮೇಲೆ ಉಳಿದ ಆರು ಜನ ಬೆಳೀತಾರೋ ಬಾಡ್ತಾರೋ ನೋಡಬೇಕು.

ಅಮೆರಿಕದವರ ಫುಟ್‌ಬಾಲಿನಲ್ಲಿ ಇದೇ ಜಗಳ ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತೆ. ಅಲ್ಲಿ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಅಂದರೆ ತಂಡದ ತಲೆ. ಕಾಲೇಜಿಂದ ಬರೋ ಹುಡುಗರನ್ನ ತಂಡಗಳು ಸರದಿಯಲ್ಲಿ ಆರಿಸಿಕೊಳ್ತವೆ, ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ. ಕೊನೆಗೆ ಬಿದ್ದವನ ಮೇಲೆ ಎಲ್ಲರದ್ದೂ ಒತ್ತಡ: ಹೊಸ ಕ್ವಾರ್ಟರ್‌ಬ್ಯಾಕ್ ತಗೋ, ಎಲ್ಲ ಸರಿಹೋಗುತ್ತೆ. ಆ ಆಟದಲ್ಲಿ ಅತಿ ಹೆಚ್ಚು ಕಪ್ ಗೆದ್ದ ಟಾಮ್ ಬ್ರೇಡಿಯನ್ನ 2000ದಲ್ಲಿ ಆರಿಸಿದ್ದು 199ನೇ ಸರದಿಯಲ್ಲಿ. 2022ರಲ್ಲಿ ಕಟ್ಟಕಡೆಯ, 262ನೇ ಸರದಿಯಲ್ಲಿ ಸಿಕ್ಕ ಬ್ರಾಕ್ ಪರ್ಡಿ ಎರಡೇ ವರ್ಷದಲ್ಲಿ ತಂಡವನ್ನ ಸೂಪರ್ ಬೌಲ್ ಫೈನಲ್ಲಿಗೆ ಕರೆದೊಯ್ದ. ನನ್ನ ಟೀಮಿನಲ್ಲಿ ಡಲ್ಲಾಸಿನಿಂದ ಕಾಲ್‌ಗೆ ಬರೋ ಒಬ್ಬರು ಪ್ರತಿ ಸೋಮವಾರ ಇದರ ಗೋಳು ಹೇಳ್ಕೋತಾರೆ. ಅವರಿಗೆ ಬುಲ್ಸ್ ಕಥೆ ಹೇಳಿದೆ, ತಕ್ಷಣ ಅರ್ಥವಾಯ್ತು. ದುಃಖಕ್ಕೆ ಭಾಷಾಂತರ ಬೇಡ.

2025ರಲ್ಲಿ ಬುಲ್ಸ್‌ನಲ್ಲಿ ಒಂದು ನಿಜವಾದ ಬದಲಾವಣೆ ಆಯ್ತು, ಆದರೆ ಅಭಿಮಾನಿಗಳು ಅದರ ಬಗ್ಗೆ ಕಡಿಮೆ ಮಾತಾಡ್ತಿದ್ದರು. ಮೊದಲ ಸೀಸನ್ನಿಂದ ಹನ್ನೊಂದನೆಯದರ ತನಕ ಕೋಚ್ ಆಗಿದ್ದ ರಣಧೀರ್ ಸಿಂಗ್ ಹೋಗಿ ಬಿ.ಸಿ. ರಮೇಶ್ ಬಂದರು. ನಮ್ಮ ರಾಜ್ಯದವರು, ಅರ್ಜುನ ಪ್ರಶಸ್ತಿ ಪಡೆದವರು, ಬುಲ್ಸ್ ಕಪ್ ಗೆದ್ದಾಗ ಸಹಾಯಕ ಕೋಚ್ ಆಗಿದ್ದವರು. ಆಮೇಲೆ ಎರಡು ಬೇರೆ ತಂಡಗಳಿಗೆ ಕಪ್ ಗೆಲ್ಲಿಸಿದರು. ಆ ಎರಡು ಕಪ್ಪುಗಳನ್ನ ಹತ್ತಿರದಿಂದ ನೋಡಿದರೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2019, ಏಳನೇ ಸೀಸನ್, ಬೆಂಗಾಲ್ ವಾರಿಯರ್ಸ್. ಆ ತಂಡದ ದೊಡ್ಡ ರೈಡರ್, ಕ್ಯಾಪ್ಟನ್, ಎಲ್ಲ ಮಣಿಂದರ್ ಸಿಂಗ್. ಫೈನಲ್ ಹೊತ್ತಿಗೆ ಅವನಿಗೆ ಗಾಯ, ಆಡಲೇ ಇಲ್ಲ. ಎದುರಿಗೆ ದಬಂಗ್ ಡೆಲ್ಲಿ, ಅವರ ನವೀನ್ ಕುಮಾರ್ ಆ ಫೈನಲ್ಲಿನಲ್ಲಿ 18 ಪಾಯಿಂಟ್ ತಂದ. ಆದರೂ ಬೆಂಗಾಲ್ 39, ಡೆಲ್ಲಿ 34. ಇರಾನಿನ ನಬಿಬಕ್ಷ್ ತಂಡ ನಡೆಸಿದ, ಉಳಿದವರು ತಮ್ಮ ತಮ್ಮ ಪಾಲು ಕೂಡಿಸಿ ಕೊಟ್ಟರು. ಹತ್ತನೇ ಸೀಸನ್ನಿನ ಪುಣೇರಿ ಪಲ್ಟನ್‌ನಲ್ಲೂ ಹಾಗೇ: ಅಸ್ಲಮ್ ಇನಾಂದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ. ಮೂವರೂ ಹುಡುಗರು, ಒಬ್ಬ ಬಿದ್ದರೆ ಇನ್ನೊಬ್ಬ. ಯಾರು ಮುಖ್ಯ ರೈಡರ್ ಅಂತ ಎದುರಾಳಿಗೆ ಗೊತ್ತಾಗೋ ಹೊತ್ತಿಗೆ ಪಂದ್ಯ ಮುಗಿದಿರ್ತಿತ್ತು. ಇಂಥ ಕೋಚ್‌ನ ಕರೆತಂದು, ಅವರ ಕೈಗೆ ಒಬ್ಬನೇ ಎರಡು ಕೋಟಿಯವನನ್ನ ಕೊಟ್ಟು ‘ಇವನ ಸುತ್ತ ತಂಡ ಕಟ್ಟಿ’ ಅಂದರೆ, ಬಡಗಿಗೆ ಕರೆ ಕಳಿಸಿ ಕಬ್ಬಿಣ ಕೊಟ್ಟ ಹಾಗೆ.

ಎದುರು ವಾದದಲ್ಲಿ ನನಗೆ ನಿಜಕ್ಕೂ ತೂಕದ್ದು ಅನ್ನಿಸೋದು ಒಂದೇ: ಜನ. ಹನ್ನೊಂದನೇ ಸೀಸನ್ ಹೈದರಾಬಾದ್, ನೋಯ್ಡಾ, ಪುಣೆ ಮೂರೇ ಊರಲ್ಲಿ ನಡೀತು, ಬೆಂಗಳೂರಿಗೆ ಒಂದು ಪಂದ್ಯವೂ ಬರಲಿಲ್ಲ. ಎಂಟನೇ ಸೀಸನ್ ಇಡೀ ಬೆಂಗಳೂರಲ್ಲೇ ನಡೆದರೂ ಅದು ಕೋವಿಡ್ ಕಾಲ, ವೈಟ್‌ಫೀಲ್ಡಿನ ಹೋಟೆಲಿನೊಳಗೆ, ಪ್ರೇಕ್ಷಕರೇ ಇಲ್ಲ. ಪವನ್ ಆ ವರ್ಷ 304 ರೈಡ್ ಪಾಯಿಂಟ್ ತಂದದ್ದನ್ನ ಅವನದೇ ಊರಿನ ಜನ ಟಿವಿಯಲ್ಲಿ ನೋಡಿದರು. ಹೀಗೆ ಕಾಣದ ತಂಡಕ್ಕೆ ಮುಖ ಅಂತ ಒಂದಾದರೂ ಬೇಡವಾ? ಕೊನೆಗೆ ಬಿದ್ದ ವರ್ಷದ ಮರು ವರ್ಷ, ಹೆಸರೇ ಗೊತ್ತಿಲ್ಲದ ಏಳು ಹುಡುಗರ ಜೆರ್ಸಿ ಯಾರು ತಗೋತಾರೆ? ಜಾಹೀರಾತಿನವನಿಗೆ ಯಾರ ಫೋಟೋ ಕೊಡೋದು? ಇದು ಪೊಳ್ಳು ಮಾತಲ್ಲ, ತಂಡ ನಡೆಯೋದು ಆ ದುಡ್ಡಿಂದಲೇ.

ಆದರೆ ಮುಖ ಹರಾಜಿನಲ್ಲೇ ಸಿಗಬೇಕು ಅಂತಿಲ್ಲ. 2018ರ ಅಕ್ಟೋಬರಿಗೆ ಮುಂಚೆ ಪವನ್ ಮುಖ ಎಷ್ಟು ಜನಕ್ಕೆ ಗೊತ್ತಿತ್ತು? 2019ರ ಅಕ್ಟೋಬರ್ 2ರಂದು ಪಂಚಕುಲಾದಲ್ಲಿ ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39 ಪಾಯಿಂಟ್ ತಂದನಲ್ಲ, ಆ ಹೊತ್ತಿಗೆ ಪಾವಗಡದ ಹುಡುಗರ ಬನಿಯನ್ನಿನ ಹಿಂದೆ ಸ್ಕೆಚ್ ಪೆನ್ನಲ್ಲಿ ‘ಪವನ್’ ಅಂತ ಬರೆದಿರ್ತಿತ್ತು. ಒಂದು ವರ್ಷ ಸಾಕಾಯ್ತು. ಅದೇ ವರ್ಷ ಸೆಮಿಫೈನಲ್ಲಿನಲ್ಲಿ ಡೆಲ್ಲಿ ಎದುರು 38–44ರಲ್ಲಿ ಸೋತರು ಅನ್ನೋದನ್ನೂ ಮರೀಬಾರದು. ಸೀಸನ್ನಿಗೆ 346 ರೈಡ್ ಪಾಯಿಂಟ್ ತಂದವನಿದ್ದೂ.

ಹಾಗಾದರೆ 5 ಕೋಟಿಯಲ್ಲಿ ಏನು ಮಾಡೋದು? ನನ್ನ ಕೈಲಿ ಪ್ಯಾಡಲ್ ಕೊಟ್ಟರೆ ಮೊದಲ ಒಂದೂವರೆ ಕೋಟಿ ಎರಡು ಕಾರ್ನರ್‌ಗಳಿಗೆ, ಜೋಡಿಯಾಗಿ ಆಡಿ ಅಭ್ಯಾಸ ಇರೋರು ಸಿಕ್ಕರೆ ಇನ್ನೂ ಮೇಲು. ಕಾರ್ನರ್ ಗಟ್ಟಿಯಿದ್ದರೆ ಕವರ್‌ನಲ್ಲಿ ನಿಂತ ಹುಡುಗನಿಗೆ ಧೈರ್ಯ ಬರುತ್ತೆ, ಶಿರಾದ ಆ ಕಲ್ಲು ಒಡೆಯೋ ಅಣ್ಣತಮ್ಮಂದಿರ ತಂಡದಲ್ಲಿ ಆದ ಹಾಗೆ. ಆಮೇಲೆ ಐವತ್ತು ಅರವತ್ತು ಲಕ್ಷದ ಇಬ್ಬರು ರೈಡರ್‌ಗಳು, ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ. ಇಬ್ಬರಲ್ಲಿ ಒಬ್ಬ ಹಿಂದಿನ ವರ್ಷ ಬೇರೆ ತಂಡದ ಬೆಂಚಿನ ಮೇಲೆ ಕೂತು ಹಲ್ಲು ಕಡೀತಿದ್ದವನಾಗಿರಬೇಕು. ಉಳಿದದ್ದರಲ್ಲಿ ಇರಾನಿನಿಂದ ಒಬ್ಬಿಬ್ಬರು. ಮತ್ತೆ ಒಬ್ಬ ಹಳೇ ಹುಲಿ ಬೇಕೇ ಬೇಕು ಅಂದರೆ ಇರಲಿ, ಡೂ ಆರ್ ಡೈಗೆ, ಮತ್ತೆ ಹುಡುಗರಿಗೆ ಹೇಳಿಕೊಡೋಕೆ. ಅವನ ಬೆಲೆ ನಲವತ್ತು ಲಕ್ಷ ದಾಟಬಾರದು.

ಮೂರನೇ ರೈಡರ್ ಜಾಗ ಮಾತ್ರ ಖಾಲಿ ಬಿಡ್ತೀನಿ. ಅದು ಹರಾಜಿನಲ್ಲಿ ಸಿಗೋ ಜಾಗ ಅಲ್ಲ. ಲೀಗಿನಲ್ಲಿ ‘ನ್ಯೂ ಯಂಗ್ ಪ್ಲೇಯರ್’ ಅನ್ನೋ ವರ್ಗ ಇರೋದೇ ತಂಡಗಳು ತಾವೇ ಹುಡುಕಿ ಹುಡುಗರನ್ನ ತರಲಿ ಅಂತ. ಪಟ್ನಾ ಮಾಡಿದ್ದು ಅದೇ ಅಲ್ಲವಾ: 301 ತಂದ ದೇವಾಂಕ್‌ನ ಹರಾಜಿಗೆ ಬಿಟ್ಟು, ಅವನ ನೆರಳಲ್ಲಿ ಆಡ್ತಿದ್ದ ಹುಡುಗ ಅಯಾನ್ ಲೋಹ್‌ಚಾಬ್‌ನ ಉಳಿಸಿಕೊಂಡಿತು. ಆ ತಂಡ ಯಾಕೆ ಫೈನಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ಆ ಒಂದು ನಿರ್ಧಾರವೇ ಉತ್ತರ.

ಇಲ್ಲಿ ಕನ್ನಡದ ಹುಡುಗರ ಪ್ರಶ್ನೆ ಬಂದೇ ಬರುತ್ತೆ. ಬೆಂಗಳೂರು ತಂಡದಲ್ಲಿ ಹರಿಯಾಣದೋರೇ ತುಂಬಿದಾರೆ ಅಂತ ದೂರೋದು ನನಗೆ ಇಷ್ಟ ಇಲ್ಲ. ಹರಿಯಾಣದೋರು ಚೆನ್ನಾಗಿ ಆಡ್ತಾರೆ, ಅಷ್ಟೇ. ಕರಾವಳಿಯಿಂದ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಬಂದರು, ಆಡಿ ತೋರಿಸಿದರು, ಯಾವ ಮೀಸಲಾತಿಯೂ ಬೇಕಾಗಲಿಲ್ಲ. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಏಷ್ಯನ್ ಗೇಮ್ಸ್ ಚಿನ್ನ ತಂದರು. ಆಟ ಇಲ್ಲಿ ಇದೆ. ನನ್ನ ಪ್ರಶ್ನೆ ಇಷ್ಟೇ: ಬೆಂಗಳೂರಿಂದ ನೂರು, ನೂರೈವತ್ತು ಕಿಲೋಮೀಟರ್ ದೂರದಲ್ಲಿ, ಡಿಸೆಂಬರಿನ ರಾತ್ರಿ ಮಧುಗಿರಿ ಬೆಟ್ಟದ ಕೆಳಗೋ, ಕೊರಟಗೆರೆ ಹೋಬಳಿಯ ಯಾವುದೋ ಶಾಲೆ ಮೈದಾನದಲ್ಲೋ ಹ್ಯಾಲೋಜನ್ ಕೆಳಗೆ ನಡೆಯೋ ಪಂದ್ಯಕ್ಕೆ ಬುಲ್ಸ್‌ನ ಒಬ್ಬ ಮನುಷ್ಯ ಬಂದು ಒಂದು ನೋಟ್‌ಬುಕ್ ಹಿಡಿದು ಕೂತದ್ದನ್ನ ನಾನು ಒಂದು ಸಲವೂ ನೋಡಿಲ್ಲ. ಮಣ್ಣಿನ ಮೇಲೆ ಆಡಿದವನು ಮ್ಯಾಟ್ ಮೇಲೆ ಬಂದರೆ ಆರು ತಿಂಗಳು ಕಾಲು ಜಾರುತ್ತೆ, ಶೂ ಅಭ್ಯಾಸ ಇರಲ್ಲ, ನಿಜ. ಆ ಆರು ತಿಂಗಳ ಊಟ, ವಸತಿ, ಫಿಸಿಯೋ ಎಲ್ಲ ಸೇರಿದರೂ ಎರಡು ಕೋಟಿಯಲ್ಲಿ ಅದು ಚಿಲ್ಲರೆ. ಹತ್ತು ಹುಡುಗರಲ್ಲಿ ಒಂಬತ್ತು ಜನ ವಾಪಸ್ ಹೋಗ್ತಾರೆ. ಹೋಗಲಿ. ಅವರಾದರೂ ಮೂವತ್ತು ರೈಡು ಹೋಗಿ, ಆಗಲ್ಲ ಅಂತ ತಾವೇ ತಿಳ್ಕೊಂಡು ಹೋಗ್ತಾರೆ.

ದೇವಾಂಕ್ ಹೆಸರು ಕೂಗಿದಾಗ ಮುಂಬೈಯಲ್ಲಿ ಏನಾಗುತ್ತೆ ಅಂತ ಊಹಿಸೋದು ಆಗ ಕಷ್ಟ ಇರಲಿಲ್ಲ: ಬೆಲೆ ಕೋಟಿ ದಾಟುತ್ತೆ, ಕ್ಯಾಮೆರಾ ಒಂದೊಂದು ಟೇಬಲ್ ಕಡೆ ತಿರುಗುತ್ತೆ, ಬುಲ್ಸ್ ಟೇಬಲ್ಲಿನ ಮೇಲೂ ನಿಲ್ಲುತ್ತೆ. ಎಂಬತ್ತು ಲಕ್ಷದ ತನಕ ಪ್ಯಾಡಲ್ ಎತ್ತಬಹುದಿತ್ತು, ಬೇರೆಯವರ ಜೇಬು ಸ್ವಲ್ಪ ಹಗುರ ಆಗಲಿ ಅಂತ, ಅದೂ ಒಂದು ಆಟವೇ. ಒಂದು ಕೋಟಿ ಆದ ಕ್ಷಣ ಕೆಳಗಿಟ್ಟು, ರಮೇಶ್ ಅವರು ಮುಂದಿನ ಪುಟ ತಿರುಗಿಸಬೇಕಿತ್ತು. ಎಡ ಕಾರ್ನರ್‌ಗಳ ಪಟ್ಟಿ ಅಲ್ಲಿರುತ್ತಿತ್ತು.